ಹೆಡ್‌ಫೋನ್ ಪರೀಕ್ಷೆಗೆ ತಂಬೂರಿ: ರೆಕಾರ್ಡಿಂಗ್ ಕಲಿಯುವವರಿಗೆ ಟಿಪ್ಪಣಿ

ದುಬಾರಿ ಹೆಡ್‌ಫೋನುಗಳ ಬಗ್ಗೆ ಓದಲು ಕೂತರೆ ಉದಾಹರಣೆಗಳೆಲ್ಲ ಡ್ರಮ್ಸ್, ಬೇಸ್ ಗಿಟಾರ್, ಪಿಯಾನೋ. ಹುಬ್ಬಳ್ಳಿ-ಧಾರವಾಡದಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಕಲಿಯುವ ನಮ್ಮ ಮುಂದೆ ಬರುವುದು ಖಯಾಲ್, ವಚನ, ದಾಸರ ಪದ, ಭಜನೆ. ಹಾರ್ಮೋನಿಯಂ, ತಬಲಾ, ಹಿಂದೆ ತಂಬೂರಿ. ಹಾಗಾಗಿ ಈ ಟಿಪ್ಪಣಿಯಲ್ಲಿ ಎಲ್ಲವನ್ನೂ ತಂಬೂರಿಯ ಮೇಲೇ ಹಚ್ಚಿ ನೋಡೋಣ. ಹೆಡ್‌ಫೋನಿನ ಗುಣದೋಷ ಹಿಡಿಯಲು ಅದಕ್ಕಿಂತ ಒಳ್ಳೆಯ ಸಾಧನ ನಮ್ಮ ಕೈಗೆ ಸಿಗುವುದಿಲ್ಲ ಅಂತ ನನಗೆ ಅನಿಸುತ್ತದೆ.

ಗಾಯಕರು ಸಿ ಶಾರ್ಪ್ ಶ್ರುತಿಗೆ ಹಾಡುತ್ತಾರೆ ಅಂದುಕೊಳ್ಳಿ. ಆಗ ತಂಬೂರಿಯ ನಡುವಿನ ಎರಡು ತಂತಿ ಸುಮಾರು 139 ಹರ್ಟ್ಜ್. ಪಂಚಮದ ತಂತಿ 104ರ ಹತ್ತಿರ. ಖರ್ಜದ, ಅಂದರೆ ಕೆಳಗಿನ ಷಡ್ಜದ ತಂತಿ 69ರ ಹತ್ತಿರ. ಇದು ಕೆಳಗಿನ ತುದಿ. ಇನ್ನು ಮೇಲಿನದು ಜವಾರಿಯ, ಅಂದರೆ ತಂಬೂರಿಯ ಆ ಝೇಂಕಾರದ ಕೆಲಸ. ಅಗಲವಾದ ಕುದುರೆಯ (ಬ್ರಿಜ್) ಮೇಲೆ ತಂತಿ ಸವರಿಕೊಂಡು ಹೋಗುತ್ತದೆ. ಕೆಳಗೆ ಸಿಕ್ಕಿಸಿದ ದಾರ ಒಂದಿಷ್ಟು ಸರಿಸಿದರೆ ಸಾಕು, ದನಿ ಅರಳುತ್ತದೆ. ಅರಳುವುದು ಅಂದರೆ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟು ಹರ್ಟ್ಜ್‌ನ ದನಿಗಳು) ಸಾಲುಸಾಲಾಗಿ ಏಳುವುದು, ಸಾವಿರಾರು ಹರ್ಟ್ಜ್‌ವರೆಗೂ. ಸಿ.ವಿ. ರಾಮನ್ 1921ರಲ್ಲೇ ಇದರ ಬಗ್ಗೆ ಬರೆದಿದ್ದರು. ತಂತಿಯನ್ನು ಮೀಟುವ ಜಾಗ ನೋಡಿದರೆ ಕೆಲವು ಹಾರ್ಮೋನಿಕ್ ಬರಲೇಬಾರದು, ಆದರೆ ತಂಬೂರಿಯಲ್ಲಿ ಅವೂ ಜೋರಾಗಿಯೇ ಬರುತ್ತವೆ, ಅದಕ್ಕೆ ಆ ಕುದುರೆಯೇ ಕಾರಣ ಅಂತ ಅವರು ತೋರಿಸಿದರು.

ನಮಗೆ ಬೇಕಾದ್ದು ಇದೇ. 70 ಹರ್ಟ್ಜ್‌ನಿಂದ ಹಿಡಿದು ಮೇಲಿನವರೆಗೂ ಹರಡಿಕೊಂಡ ದನಿ, ನಿಮಿಷಗಟ್ಟಲೆ ಒಂದೇ ಸಮ ನುಡಿಯುತ್ತದೆ. ಹಾಡು ಆದರೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಯಾವುದು ಹೆಡ್‌ಫೋನಿನ ಬಣ್ಣ, ಯಾವುದು ಹಾಡಿನ ಬಣ್ಣ ಅಂತ ಗೊತ್ತಾಗುವುದಿಲ್ಲ. ಒಂದು ಮಾತು: ಮೊಬೈಲಿನ ತಂಬೂರಿ ಆ್ಯಪ್ ಬೇಡ. ಒಂದು ನಿಜವಾದ ಮೀರಜ್ ತಂಬೂರಿಯನ್ನು ಒಳ್ಳೆಯ ಮೈಕಿನಲ್ಲಿ ಹಿಡಿದ, ಎಂಪಿ3 ಮಾಡದ ಧ್ವನಿಮುದ್ರಣ ಇಟ್ಟುಕೊಳ್ಳಿ.

ಓಪನ್ ಬ್ಯಾಕ್, ಕ್ಲೋಸ್ಡ್ ಬ್ಯಾಕ್

ಕಿವಿಯನ್ನು ಪೂರ್ತಿ ಸುತ್ತುವರಿಯುವ ದೊಡ್ಡ ಹೆಡ್‌ಫೋನುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಕ್ಲೋಸ್ಡ್ ಬ್ಯಾಕ್‌ನ ಹಿಂಭಾಗ ಗಟ್ಟಿ ಮುಚ್ಚಿರುತ್ತದೆ. ಓಪನ್ ಬ್ಯಾಕ್‌ನಲ್ಲಿ ಜಾಳಿಗೆ ಇರುತ್ತದೆ, ಡ್ರೈವರಿನ (ಒಳಗೆ ದನಿ ಹುಟ್ಟಿಸುವ ಭಾಗ) ಹಿಂದಿನ ದನಿ ಸಲೀಸಾಗಿ ಹೊರಗೆ ಹೋಗುತ್ತದೆ. ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ತಂದಾಗ ಈ ಓಪನ್ ಜಾತಿ ಜನಪ್ರಿಯವಾಯಿತು. ಅದೇ ಕಂಪನಿಯ 1997ರ ಎಚ್‌ಡಿ 600 ಇವತ್ತಿಗೂ ಸ್ಟುಡಿಯೋಗಳಲ್ಲಿ ಹೋಲಿಕೆಯ ಅಳತೆಗೋಲು.

ರೆಕಾರ್ಡಿಂಗ್ ಬೂತಿನಲ್ಲಿ ಓಪನ್ ಬ್ಯಾಕ್ ನಡೆಯುವುದಿಲ್ಲ. ಗಾಯಕರು ಒಳಗಿನಿಂದ "ತಮ್ಮಾ, ತಂಬೂರಿ ಸ್ವಲ್ಪ ಜಾಸ್ತಿ ಕೊಡು" ಅಂತಾರೆ. ನಾವು "ಆತ್ರೀ ಸರ್" ಅಂದು ಏರಿಸುತ್ತೇವೆ. ಓಪನ್ ಬ್ಯಾಕ್ ಆಗಿದ್ದರೆ ಆ ತಂಬೂರಿ ಜಾಳಿಗೆಯಿಂದ ಸೋರಿ, ಒಂದು ಗೇಣು ದೂರದ ಮೈಕಿಗೆ ಬೀಳುತ್ತದೆ. ಆಮೇಲೆ ದನಿಯ ಟ್ರ್ಯಾಕಿಗೆ ಕಂಪ್ರೆಸರ್ (ಜೋರು ದನಿ ತಗ್ಗಿಸಿ ಸಣ್ಣ ದನಿಯನ್ನು ಮೇಲೆ ತರುವ ಸಾಧನ) ಹಾಕಿದಾಗ, ಆಲಾಪದ ನಡುವಿನ ಮೌನದಲ್ಲೆಲ್ಲ ಆ ಸೋರಿದ ತಂಬೂರಿ ಎದ್ದು ಬರುತ್ತದೆ. ಅದನ್ನು ತೆಗೆಯಲು ಆಗುವುದಿಲ್ಲ. ಬೂತಿಗೆ ಕ್ಲೋಸ್ಡ್ ಬ್ಯಾಕೇ ಬೇಕು: ಸೋನಿಯ ಎಂಡಿಆರ್ 7506, ಬೇಯರ್‌ಡೈನಾಮಿಕ್‌ನ ಡಿಟಿ 770, ಆಡಿಯೋ-ಟೆಕ್ನಿಕಾದ ಎಂ50ಎಕ್ಸ್, ಈ ತರದವು. ನಮ್ಮ ಕಡೆಯ ಹಿರಿಯ ಗಾಯಕರು ಒಂದು ಕಿವಿ ತೆಗೆದು ಹಾಡುತ್ತಾರೆ, ತಮ್ಮ ದನಿ ತಮಗೆ ಕೇಳಬೇಕಲ್ಲ. ಆಗ ತೆಗೆದಿಟ್ಟ ಕಿವಿಯ ಕಡೆಗೆ ದನಿ ಕಳಿಸುವುದನ್ನೇ ನಿಲ್ಲಿಸಿ. ಇಲ್ಲದಿದ್ದರೆ ಕ್ಲೋಸ್ಡ್ ಇದ್ದೂ ಪ್ರಯೋಜನವಿಲ್ಲ.

ಮಿಕ್ಸಿಂಗಿಗೆ, ಸುಮ್ನೆ ಕೂತು ಕೇಳುವುದಕ್ಕೆ ಓಪನ್ ಬ್ಯಾಕ್ ಚೆಂದ. ಮುಚ್ಚಿದ ಕಪ್ಪಿನೊಳಗೆ ದನಿ ಬಡಿದು ವಾಪಸ್ ಬರುವ ಕಾಟ ಅಲ್ಲಿ ಕಡಿಮೆ. ಖರ್ಜದ ತಂತಿ ಮೀಟಿದ ಮೇಲೆ ದನಿ ಇಳಿಯುತ್ತಾ ಹೋಗುವುದನ್ನು ಎರಡರಲ್ಲೂ ಕೇಳಿ ನೋಡಿ. ಸಾಧಾರಣ ಕ್ಲೋಸ್ಡ್‌ನಲ್ಲಿ ಆ ಬಾಲದ ತುದಿಗೆ ಒಂದು ಗುಂಯ್ ಅಂಟಿಕೊಂಡಿರುತ್ತದೆ.

ಡ್ರೈವರಿನ ಜಾತಿಗಳ ಬಗ್ಗೆ ಚುಟುಕಾಗಿ. ಡೈನಾಮಿಕ್ ಅಂದರೆ ಸುರುಳಿ, ಅಯಸ್ಕಾಂತ, ಡಯಾಫ್ರಮ್, ಸ್ಪೀಕರಿನ ತತ್ವವೇ. 1937ರ ಬೇಯರ್ ಡಿಟಿ 48 ಈ ಜಾತಿಯ ಮೊದಲನೆಯದು. ಪ್ಲೇನಾರ್‌ನಲ್ಲಿ ತೆಳು ಹಾಳೆಯ ಮೇಲೆಯೇ ತಂತಿ ಹರಡಿರುತ್ತದೆ, ಪಕ್ಕದಲ್ಲಿ ಅಯಸ್ಕಾಂತದ ಸಾಲು. ಆಡೀಝ್, ಹೈಫೈಮ್ಯಾನ್ ಈ ದಾರಿಯವರು. ಎಲೆಕ್ಟ್ರೋಸ್ಟಾಟಿಕ್ ಬೇರೆಯೇ ಲೋಕ. ಜಪಾನಿನ ಸ್ಟ್ಯಾಕ್ಸ್ 1960ರಿಂದ ಮಾಡುತ್ತಿದೆ. ಅದಕ್ಕೆ 580 ವೋಲ್ಟ್ ಬಯಾಸ್ (ಹಾಳೆಗೆ ಸದಾ ಬೇಕಾದ ವಿದ್ಯುತ್ ಒತ್ತಡ) ಕೊಡುವ ಪ್ರತ್ಯೇಕ ಆಂಪ್ಲಿಫೈಯರ್ ಬೇಕು, ಮಾಮೂಲಿ ಜ್ಯಾಕಿಗೆ ಚುಚ್ಚುವ ಹಾಗಿಲ್ಲ. ಜಾತಿ ನೋಡಿ ಗುಣ ಹೇಳಲು ಹೋಗಬೇಡಿ. ಕೆಟ್ಟ ಪ್ಲೇನಾರೂ ಇದೆ, ಅದ್ಭುತ ಡೈನಾಮಿಕ್ಕೂ ಇದೆ.

ಹೆಡ್‌ಫೋನಿನ ಬಣ್ಣ ಮಿಕ್ಸಿನಲ್ಲಿ ತಿರುವುಮುರುವು

ಇದು ನಾವು ಕಲಿಯಬೇಕಾದ ಮುಖ್ಯ ಪಾಠ, ನಿಧಾನವಾಗಿ ಓದಿ. ಬೇಯರ್ ಡಿಟಿ 990 ಪ್ರೊ ಓಪನ್ ಬ್ಯಾಕ್, ಅದರಲ್ಲಿ 8 ಸಾವಿರ ಹರ್ಟ್ಜ್ ಆಸುಪಾಸಿನಲ್ಲಿ ದನಿ ಏರಿರುತ್ತದೆ. ಅದರಲ್ಲಿ ತಂಬೂರಿ ಹಚ್ಚಿದರೆ ಜವಾರಿ ಮಿರಮಿರ ಅನ್ನುತ್ತದೆ. ಕೇಳಲು ಖುಷಿ. ಆದರೆ ಮಿಕ್ಸ್ ಮಾಡುವವನು "ಜವಾರಿ ಯಾಕೋ ಜಾಸ್ತಿ ಆಯ್ತಲ್ಲ" ಅಂತ ಇಕ್ಯೂ (ಬೇಕಾದ ಹರ್ಟ್ಜ್ ಜಾಗದ ದನಿಯನ್ನು ಏರಿಸಿ ಇಳಿಸುವ ಸಾಧನ) ತೆಗೆದು ಅಲ್ಲಿ 3 ಡೆಸಿಬೆಲ್ ಕತ್ತರಿಸುತ್ತಾನೆ. ಆ ಫೈಲ್ ಬೇರೆಯವರ ಕಾರಿನಲ್ಲಿ ಕೇಳಿದರೆ ತಂಬೂರಿ ಮಂಕು. ಜವಾರಿ ಜೊತೆಗೆ ಗಾಯಕರ ಉಸಿರು, ಸ-ಶಗಳ ಚುರುಕೂ ಹೋಗಿರುತ್ತದೆ.

ಕೆಳಗಿನ ತುದಿಯಲ್ಲಿ ಇದರ ಉಲ್ಟಾ. ಎಚ್‌ಡಿ 600ರ ಮಧ್ಯದ ಸ್ವರ, ಅಂದರೆ ಮನುಷ್ಯನ ದನಿಯ ಜಾಗ, ಬಹಳ ನಂಬಿಕಸ್ಥ. ಆದರೆ ತೀರ ಕೆಳಗೆ ಹೋದಂತೆ ದನಿ ಇಳಿಯುತ್ತದೆ. ಖರ್ಜ ತಂತಿಯ 69 ಹರ್ಟ್ಜ್ ಕೇಳುತ್ತದೆ, ಅದಕ್ಕಿಂತ ಕೆಳಗಿನ ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯ) ಗುಮ್ಮು ಅರ್ಧಂಬರ್ಧ. ಅದನ್ನೇ ನಂಬಿ ಡಗ್ಗಾ ಏರಿಸಿಬಿಟ್ಟರೆ? ಜಾತ್ರೆಯ ಮೈಕ್‌ಸೆಟ್ಟಿನ ಸಬ್‌ವೂಫರ್‌ನಲ್ಲಿ ಆ ಹಾಡು ಹಾಕಿದಾಗ ವಚನದ ಒಂದು ಅಕ್ಷರವೂ ಕೇಳಿಸುವುದಿಲ್ಲ. ಹೆಡ್‌ಫೋನಿನಲ್ಲಿ ಯಾವುದು ಹೆಚ್ಚೋ ಅದು ನಿಮ್ಮ ಮಿಕ್ಸಿನಲ್ಲಿ ಕಡಿಮೆಯಾಗುತ್ತದೆ, ಯಾವುದು ಕಡಿಮೆಯೋ ಅದು ಹೆಚ್ಚಾಗುತ್ತದೆ. ಪೂರ್ತಿ ನೇರವಾದ ಹೆಡ್‌ಫೋನ್ ಸಿಗುವುದಿಲ್ಲ. ಕೈಯಲ್ಲಿರುವುದರ ಡೊಂಕು ಎಲ್ಲಿದೆ ಅಂತ ಗೊತ್ತಿದ್ದರೆ ಕೆಲಸ ಸಾಗುತ್ತದೆ.

"ನೇರ" ಅಂದರೂ ಗ್ರಾಫಿನಲ್ಲಿ ನೇರ ಗೆರೆ ಅಲ್ಲ. ಹೊರಗಿನಿಂದ ಬರುವ ದನಿಯನ್ನು ನಮ್ಮ ಹೊರಕಿವಿ ಮತ್ತು ಕಿವಿಯ ನಾಳ 3 ಸಾವಿರ ಹರ್ಟ್ಜ್ ಹತ್ತಿರ 10 ಡೆಸಿಬೆಲ್‌ಗೂ ಜಾಸ್ತಿ ಏರಿಸುತ್ತವೆ. ಮಿದುಳಿಗೆ ಅದೇ ರೂಢಿ. ಹಾಗಾಗಿ ಕೃತಕ ಕಿವಿಯಲ್ಲಿ (ಒಳಗೆ ಮೈಕ್ ಇಟ್ಟ ಕಿವಿಯ ಮಾದರಿ) ಅಳೆದಾಗ ಒಳ್ಳೆಯ ಹೆಡ್‌ಫೋನೂ ಅಲ್ಲಿ ಗುಡ್ಡ ತೋರಿಸಲೇಬೇಕು. ಆ ಗುಡ್ಡ ಎಷ್ಟಿರಬೇಕು, ಬೇಸ್ ಎಷ್ಟಿದ್ದರೆ ಹೆಚ್ಚು ಜನ ಇಷ್ಟಪಡುತ್ತಾರೆ ಅಂತ ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಜೊತೆಗಾರರು ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿದರು. ಅದರಿಂದ ಬಂದದ್ದೇ ಹರ್ಮನ್ ಟಾರ್ಗೆಟ್. ಗ್ರಾಫ್ ನೋಡುವಾಗ ಅದು ಯಾವ ಟಾರ್ಗೆಟ್‌ಗೆ ಹೋಲಿಸಿದ್ದು ಅಂತ ಮೊದಲು ನೋಡಿ. ಆದರೆ ಅದು ಹೆಚ್ಚು ಜನರ ಇಷ್ಟದ ಸರಾಸರಿ. ಗಂಗೂಬಾಯಿ ಹಾನಗಲ್ ಅವರ ತೂಕದ ದನಿಗೆ ಅಷ್ಟು ಬೇಸ್ ಬೇಕಾ? ನನಗಂತೂ ಬೇಡ.

ಓಮ್ ನೋಡಿ ಹೆದರಬೇಡಿ

"250 ಓಮ್ ಇದೆ, ಮೊಬೈಲಿಗೆ ಆಗಲ್ಲ", "60 ಓಮ್ ಅಷ್ಟೇ, ಯಾವುದಕ್ಕಾದರೂ ಹಾಕು". ಇಂಥ ಮಾತು ಎಲ್ಲೆಲ್ಲೂ ಕೇಳುತ್ತೇವೆ, ಅಲ್ವಾ? ಓಮ್ ಅಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆ, ಅದೊಂದರಿಂದ ಏನೂ ತಿಳಿಯುವುದಿಲ್ಲ. ಸೆನ್ಸಿಟಿವಿಟಿ, ಅಂದರೆ 1 ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಬೇಕು. ನಿಯಮ ಒಂದೇ: ಪ್ರತಿ 10 ಡೆಸಿಬೆಲ್‌ಗೆ 10 ಪಟ್ಟು ಪವರ್. ಗುರಿಯನ್ನು 110 ಡೆಸಿಬೆಲ್ ಅಂತ ಇಡೋಣ. ಕೇಳುವ ಮಟ್ಟ ಅಲ್ಲ ಅದು, ಏರುವ ತಾನಕ್ಕೆ, ತಬಲಾದ ಹೊಡೆತಕ್ಕೆ ಬಿಟ್ಟ ಜಾಗ.

ಸೋನಿ 7506: 63 ಓಮ್, 106 ಡೆಸಿಬೆಲ್. ಗುರಿಗೆ ಇನ್ನು 4 ಡೆಸಿಬೆಲ್ ಬಾಕಿ, ಅಂದರೆ 2.5 ಮಿಲಿವ್ಯಾಟ್. ವೋಲ್ಟ್ ಬೇಕಾದರೆ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ, 0.4 ವೋಲ್ಟ್ ಬರುತ್ತದೆ. ಡಿಟಿ 990 ಪ್ರೊ: 250 ಓಮ್, 96 ಡೆಸಿಬೆಲ್. 14 ಡೆಸಿಬೆಲ್ ಬಾಕಿ, 25 ಮಿಲಿವ್ಯಾಟ್, 2.5 ವೋಲ್ಟ್. ಇನ್ನು ಲಕ್ಷಗಳ ಲೆಕ್ಕದಲ್ಲಿ ಮಾರುವ ಹೈಫೈಮ್ಯಾನ್ ಸುಸ್ವಾರಾ: 60 ಓಮ್, ಆದರೆ 83 ಡೆಸಿಬೆಲ್. ಬಾಕಿ 27. ಅದಕ್ಕೆ 500 ಮಿಲಿವ್ಯಾಟ್, ಸುಮಾರು 5.5 ವೋಲ್ಟ್, 90 ಮಿಲಿಆಂಪ್. ಓಮ್ ಕಡಿಮೆ ಇರುವ ಸುಸ್ವಾರಾಗೆ ಡಿಟಿ 990ಕ್ಕಿಂತ 20 ಪಟ್ಟು ಪವರ್ ಬೇಕು!

1 ವೋಲ್ಟ್ ಕೊಡುವ, ಮೊಬೈಲಿಗೆ ಸಿಕ್ಕಿಸುವ ಸಣ್ಣ ಡಾಂಗಲ್ ಇದ್ದರೆ 7506ಕ್ಕೆ ಧಾರಾಳ. ಡಿಟಿ 990ಕ್ಕೆ ಅದರಲ್ಲಿ 102 ಡೆಸಿಬೆಲ್‌ವರೆಗೆ ಬರುತ್ತದೆ, ಮನೆಯಲ್ಲಿ ಕೇಳಲು ಸಾಕು. ಹಳೆಯ, ಸಣ್ಣ ದನಿಯ ರೆಕಾರ್ಡಿಂಗ್ ಹಾಕಿದಾಗ ಸಾಲದು ಅನಿಸಬಹುದು.

ಇನ್ನೊಂದು ವಿಷಯ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್ಲಿಫೈಯರ್ ತನ್ನ ಕಡೆಯಿಂದ ಒಡ್ಡುವ ತಡೆ. ಎಚ್‌ಡಿ 600 ಹೆಸರಿಗೆ 300 ಓಮ್, ಆದರೆ ಬೇಸ್ ಜಾಗದಲ್ಲಿ ಅದು 500ರ ಹತ್ತಿರ ಏರುತ್ತದೆ. ಹಳೆಯ ಕೆಲವು ಮಿಕ್ಸರ್‌ಗಳ ಜ್ಯಾಕಿನಲ್ಲಿ 100 ಓಮ್ ಆಸುಪಾಸು ಇಂಪೀಡೆನ್ಸ್ ಇರುತ್ತದೆ. ಅಂಥದ್ದಕ್ಕೆ ಹಾಕಿದರೆ ಬೇಸ್ ಸುಮಾರು 1 ಡೆಸಿಬೆಲ್ ಏರುತ್ತದೆ. ಪ್ಲೇನಾರ್‌ಗಳಿಗೆ ಈ ತೊಂದರೆ ಇಲ್ಲ, ಅವುಗಳ ಓಮ್ ಎಲ್ಲ ಕಡೆ ಒಂದೇ.

ಎರಡನ್ನು ಹೋಲಿಸುವಾಗ

ಸದ್ದು ಸ್ವಲ್ಪ ಜಾಸ್ತಿ ಇರುವುದೇ ನಮ್ಮ ಕಿವಿಗೆ ಒಳ್ಳೆಯದು ಅನಿಸುತ್ತದೆ. ಮೆಲ್ಲಗೆ ಇದ್ದಾಗ ಬೇಸ್ ಕಿವಿಗೆ ಇನ್ನೂ ಕಡಿಮೆ ಬೀಳುತ್ತದೆ ಅಂತ ಫ್ಲೆಚರ್, ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಆದ್ದರಿಂದ ವಾಲ್ಯೂಮ್ ಸಮ ಮಾಡದೆ ಮಾಡಿದ ಹೋಲಿಕೆ ಹೋಲಿಕೆಯೇ ಅಲ್ಲ. ಒಂದು ರಟ್ಟಿನ ಹಾಳೆಗೆ ನಡುವೆ ತೂತು ಮಾಡಿ, ಹಿಂದಿನಿಂದ ಮೈಕಿನ ಮೂತಿ ಸಿಕ್ಕಿಸಿ, ಹೆಡ್‌ಫೋನಿನ ಒಂದು ಕಪ್ಪನ್ನು ಸಂದಿ ಇಲ್ಲದಂತೆ ಅದರ ಮೇಲೆ ಒತ್ತಿಡಿ. 500 ಹರ್ಟ್ಜ್ ಸ್ವರ ಹಾಕಿ, ಮೀಟರಿನಲ್ಲಿ ಬಂದ ಅಂಕಿ ಬರೆದುಕೊಳ್ಳಿ. ಎರಡನೆಯದನ್ನೂ ಅದೇ ಅಂಕಿಗೆ ತನ್ನಿ. ಕೃತಕ ಕಿವಿಯಷ್ಟು ನಿಖರ ಅಲ್ಲ, ಆದರೂ ಅಂದಾಜಿನಲ್ಲಿ ತಿರುಗಿಸುವುದಕ್ಕಿಂತ ಎಷ್ಟೋ ಮೇಲು.

ಆಮೇಲೆ ತಂಬೂರಿ ಹಚ್ಚಿ. ಮೊದಲು ಖರ್ಜ ಮಾತ್ರ ಗಮನಿಸಿ. ಆಮೇಲೆ ಜವಾರಿಯಲ್ಲಿ ತಾನಾಗಿ ಕೇಳುವ ಗಾಂಧಾರ ಹುಡುಕಿ. ಅದು ಮೂಲ ಸ್ವರದ ಐದನೇ ಹಾರ್ಮೋನಿಕ್, ಖರ್ಜದ ತಂತಿಗೆ 347 ಹರ್ಟ್ಜ್ ಹತ್ತಿರ. ಮಧ್ಯದ ಸ್ವರ ಹಿಂದೆ ಸರಿದ ಹೆಡ್‌ಫೋನಿನಲ್ಲಿ ಗಾಂಧಾರ ಹುಡುಕಬೇಕಾಗುತ್ತದೆ. ಒಳ್ಳೆಯದರಲ್ಲಿ ಅದೇ ಬಂದು ಕಿವಿಗೆ ಬೀಳುತ್ತದೆ.

ಹಳೆಯ ಮುದ್ರಣಗಳಿಂದ ಹೆಡ್‌ಫೋನನ್ನು ಅಳೆಯಲು ಹೋಗಬೇಡಿ. 78 ಆರ್‌ಪಿಎಂ ತಟ್ಟೆಗಳಲ್ಲಿ ಮೇಲಿನ ಹಾರ್ಮೋನಿಕ್‌ಗಳು ಹೆಚ್ಚೇನೂ ಇರುವುದಿಲ್ಲ, ದುಬಾರಿ ಹೆಡ್‌ಫೋನ್ ಅಲ್ಲಿ ಚರಚರ ಸದ್ದನ್ನೇ ಚೆನ್ನಾಗಿ ತೋರಿಸುತ್ತದೆ. ಮಲ್ಲಿಕಾರ್ಜುನ ಮನಸೂರರನ್ನು ಕೇಳಲು ಬೇರೆ ಕಾರಣಗಳಿವೆ.

ನಮ್ಮ ಊರಿನ ಮಾತು

ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಫ್ಯಾನ್ ಇಲ್ಲದೆ ಕೂರಲು ಆಗುತ್ತದಾ? ಫ್ಯಾನ್ ಹಾಕಿದರೆ ಓಪನ್ ಬ್ಯಾಕ್ ಅದರ ಸದ್ದನ್ನು ಹಾಗೇ ಒಳಗೆ ಬಿಡುತ್ತದೆ. ಖರ್ಜದ ಬಾಲ ಅದರಲ್ಲೇ ಮುಳುಗುತ್ತದೆ. ದನಿಯ ಬಾಲ, ರಿವರ್ಬ್ ಇಂಥ ಸೂಕ್ಷ್ಮ ಕೆಲಸ ಬೆಳಿಗ್ಗೆ ಬೇಗ ಫ್ಯಾನ್ ನಿಲ್ಲಿಸಿ ಮಾಡಿ, ಉಳಿದದ್ದು ಆಮೇಲೆ. ಫ್ಯಾನ್ ಸದ್ದಿನ ಮೇಲೆ ಕೇಳಲು ವಾಲ್ಯೂಮ್ ಏರಿಸುವ ಚಟ ಬೇಡ. 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿ, ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 94ಕ್ಕೆ ಬಂದರೆ ಒಂದೇ ಗಂಟೆ.

ರೆಕ್ಸಿನ್ ಪ್ಯಾಡುಗಳು ಬೆವರಿಗೆ ಸಿಪ್ಪೆ ಏಳುತ್ತವೆ, ಅದರಲ್ಲೂ ಧಾರವಾಡದ ಮಳೆಗಾಲದಲ್ಲಿ ಒದ್ದೆ ಹವೆ ಸೇರಿದರೆ. ವೆಲ್ವೆಟ್‌ನಂಥ ಬಟ್ಟೆಯವು ಬಾಳಿಕೆ ಬರುತ್ತವೆ, ಆದರೆ ಕ್ಲೋಸ್ಡ್ ಬ್ಯಾಕಿಗೆ ಬಟ್ಟೆಯ ಪ್ಯಾಡ್ ಬದಲಿಸಿದರೆ ಸಂದಿಯಿಂದ ಬೇಸ್ ಸೋರುತ್ತದೆ. ಪ್ಯಾಡ್ ಬದಲಾದರೆ ಹೆಡ್‌ಫೋನಿನ ದನಿಯೇ ಬದಲಾಗುತ್ತದೆ. ಕಂಪನಿಯದ್ದೇ ಹಾಕಿ. ದಪ್ಪ ಚಾಳೀಸು ಹಾಕುವವರಿಗೂ ಇದೇ ಪೇಚು, ಕಡ್ಡಿಯ ಹತ್ತಿರ ಸಂದಿ ಬಿಡುತ್ತದೆ.

ದುಬಾರಿ ಹೆಡ್‌ಫೋನನ್ನು ಕೇಳಿ ನೋಡಿ ಕೊಳ್ಳುವ ಅವಕಾಶ ನಮ್ಮ ಕಡೆ ಅಪರೂಪ. ಹಾಗಾಗಿ ಬಹಳ ಜನ ಸೆಕೆಂಡ್‌ಹ್ಯಾಂಡ್ ಕೊಳ್ಳುತ್ತಾರೆ. ದುಡ್ಡು ಕೊಡುವ ಮೊದಲು ತಂಬೂರಿಯನ್ನು ಮೋನೋ ಮಾಡಿ, ಅಂದರೆ ಎರಡೂ ಕಿವಿಗೆ ಒಂದೇ ದನಿ ಬರುವಂತೆ, ಹಾಕಿ ಕೇಳಿ. ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಹೆಡ್‌ಫೋನನ್ನು ಉಲ್ಟಾ ಹಾಕಿಕೊಳ್ಳಿ. ವಾಲುವ ಕಡೆಯೂ ಬದಲಾದರೆ ತಪ್ಪು ಹೆಡ್‌ಫೋನಿನದ್ದೋ, ಅದಕ್ಕೆ ದನಿ ಕೊಡುವ ಆಂಪ್ಲಿಫೈಯರಿನದ್ದೋ. ಬದಲಾಗದಿದ್ದರೆ ನಿಮ್ಮ ಕಿವಿಯದ್ದು. ಎಚ್‌ಡಿ 600ರಂಥದ್ದಾದರೆ ಕೇಬಲ್, ಪ್ಯಾಡ್, ಹೆಡ್‌ಬ್ಯಾಂಡ್ ಕುಶನ್ ಎಲ್ಲ ಬಿಚ್ಚಿ ಹೊಸದು ಹಾಕಬಹುದು, ಹಳೆಯದಾದರೂ ಚಿಂತೆ ಇಲ್ಲ. ಕೇಬಲ್ ಒಳಗೇ ಬೆಸೆದ ಮಾಡೆಲ್ ಆದರೆ, ತಂಬೂರಿ ನುಡಿಯುತ್ತಿರುವಾಗಲೇ ಕಪ್ಪಿನ ಬುಡದಲ್ಲಿ ಕೇಬಲ್ ಅಲ್ಲಾಡಿಸಿ ನೋಡಿ. ಕರ್ ಅಂದರೆ ಬೆಲೆ ಇಳಿಸಲು ಹೇಳಿ, ಇಲ್ಲವೇ ಬಿಟ್ಟು ಬನ್ನಿ.