ಮೆಹದಿ ಹಸನ್ ಕರೆದ ‘ಬಾ’

ಧಾರವಾಡದಲ್ಲಿ ನಾನು ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ಗಜಲ್ ಕಲಿಯಬೇಕು ಎಂದು ಬರುವವರು ಸಾಮಾನ್ಯವಾಗಿ ಮೊದಲ ದಿನವೇ ಪಾಕಿಸ್ತಾನದ ಗಜಲ್ ಗಾಯಕ ಮೆಹದಿ ಹಸನ್ ಅವರ ‘ರಂಜಿಶ್ ಹೀ ಸಹೀ’ ಹಾಡಿ ತೋರಿಸುತ್ತಾರೆ. ಸ್ವರ ಸರಿ ಇರುತ್ತದೆ, ಅದರ ಯಮನ್ ರಾಗವೂ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಸಾಲಿನ ಕೊನೆಯ ‘ಆ’ ಬಂದ ಕೂಡಲೇ ಅದನ್ನು ಆಲಾಪದ ಆಕಾರ, ಅಂದರೆ ಮಾತಿಲ್ಲದೆ ರಾಗ ಬೆಳೆಸುವ ಬರೀ ‘ಆ’ ಎಂದುಕೊಂಡು ಎಳೆಯುತ್ತಾರೆ, ಒಂದೆರಡು ತಾನ್ (ವೇಗದ ಸ್ವರಗಳ ಸಾಲು) ಕೂಡ ಹಾಕುತ್ತಾರೆ. ಅದು ಆಕಾರ ಅಲ್ಲ. ಉರ್ದುವಿನಲ್ಲಿ ‘ಆ’ ಎಂದರೆ ‘ಬಾ’.

ಅಹ್ಮದ್ ಫರಾಜ್ ಬರೆದ ಆ ಗಜಲ್‌ನ ಪ್ರತಿ ಶೇರ್ (ಎರಡು ಸಾಲಿನ ಪದ್ಯ) ಕೊನೆಗೆ ಬಂದು ನಿಲ್ಲುವುದು ಈ ‘ಬಾ’ ಮೇಲೆಯೇ. ಮನಸ್ಸು ನೋಯಿಸಲಿಕ್ಕಾದರೂ ಬಾ, ಮತ್ತೆ ಬಿಟ್ಟು ಹೋಗಲಿಕ್ಕಾದರೂ ಬಾ. ಹೀಗೆ ಮರಳಿ ಮರಳಿ ಬರುವ ಮಾತಿಗೆ ರದೀಫ್ ಎನ್ನುತ್ತಾರೆ. ಮೆಹದಿ ಹಸನ್ ಹಾಡಿದ್ದನ್ನು ಗಮನವಿಟ್ಟು ಕೇಳಿ. ಒಂದು ಸಲ ಅದು ಕೋರಿಕೆ, ಒಂದು ಸಲ ಮುನಿಸು, ಇನ್ನೊಂದು ಸಲ ಕೂಗಿ ಕೂಗಿ ಸಾಕಾಗಿ ಹೋದವನ ದನಿ. ರಾಗ ಒಂದೇ, ಪದ ಒಂದೇ. ಹಾಗಾಗಿ ನಾನು ಮೊದಲ ವಾರ ಪೇಟಿ (ಹಾರ್ಮೋನಿಯಂ) ಮುಟ್ಟುವುದಿಲ್ಲ. ಕನ್ನಡದಲ್ಲೇ ‘ಬಾ’ ಅಂತ ಹತ್ತು ಥರ ಹೇಳಿಸುತ್ತೇನೆ. ಶಾಲೆಯಿಂದ ತಡವಾಗಿ ಬಂದ ಮಗುವನ್ನು ಅಮ್ಮ ಕರೆಯುವ ‘ಬಾ’ ಬೇರೆ, ಜಗಳ ಆಡಿ ಹೊರಟ ಗೆಳೆಯನನ್ನು ಕರೆಯುವ ‘ಬಾ’ ಬೇರೆ, ಅಲ್ವಾ?

ಈ ಕಲೆ ಮೆಹದಿ ಹಸನ್ ಅವರಿಗೆ ಎಲ್ಲಿಂದ ಬಂತು? ಅವರು ಹುಟ್ಟಿದ್ದು 1927ರಲ್ಲಿ, ರಾಜಸ್ಥಾನದ ಝುಂಝುನು ಜಿಲ್ಲೆಯ ಲೂಣಾ ಎಂಬ ಹಳ್ಳಿಯಲ್ಲಿ. ತಲೆಮಾರುಗಳಿಂದ ಹಾಡಿಕೊಂಡು ಬಂದ ಕಲಾವಂತ ಮನೆತನ. ತಂದೆ ಅಜೀಮ್ ಖಾನ್, ಚಿಕ್ಕಪ್ಪ ಇಸ್ಮಾಯಿಲ್ ಖಾನ್ ಇಬ್ಬರೂ ಹಿಂದೂಸ್ತಾನಿ ಸಂಗೀತದ ಹಳೆಯ ಪ್ರಕಾರವಾದ ಧ್ರುಪದ್ ಹಾಡುವವರು, ಅವರೇ ಗುರುಗಳು. ದೇಶ ಒಡೆದಾಗ ಇಪ್ಪತ್ತರ ಹುಡುಗ. ಮನೆಯವರೊಂದಿಗೆ ಪಾಕಿಸ್ತಾನಕ್ಕೆ ಹೋದ ಮೇಲೆ ಹೊಟ್ಟೆಪಾಡಿಗೆ ಚೀಚಾವತ್ನಿ ಎಂಬ ಊರಿನಲ್ಲಿ ಸೈಕಲ್ ಅಂಗಡಿಯ ಕೆಲಸ, ಆಮೇಲೆ ಕಾರು, ಟ್ರ್ಯಾಕ್ಟರ್ ರಿಪೇರಿ. ಆ ವರ್ಷಗಳಲ್ಲೂ ರಿಯಾಜ್ (ಗಾಯನದ ಅಭ್ಯಾಸ) ಬಿಡಲಿಲ್ಲ. ದಿನವಿಡೀ ಎಂಜಿನ್ ಬಿಚ್ಚಿ ಜೋಡಿಸಿದ ಕೈಯಲ್ಲಿ ಸಂಜೆ ತಂಬೂರಿ ಹಿಡಿಯುವುದು ಸುಮ್ನೆ ಆಗುವ ಮಾತಲ್ಲ. 1957ರಲ್ಲಿ ರೇಡಿಯೋ ಪಾಕಿಸ್ತಾನದಲ್ಲಿ ಅವಕಾಶ ಸಿಕ್ಕಿತು, ಅದೂ ಠುಮ್ರಿ ಎಂಬ ಲಘು ಶಾಸ್ತ್ರೀಯ ಪ್ರಕಾರದ ಗಾಯಕರಾಗಿ. ಗಜಲ್ ನಂತರದ್ದು. ಉರ್ದು ಕವಿ ಫೈಜ್ ಬರೆದ ‘ಗುಲೋಂ ಮೆ ರಂಗ್ ಭರೇ’ 1964ರ ‘ಫರಂಗಿ’ ಚಿತ್ರದಲ್ಲಿ ಬಂದ ಮೇಲೆ ಮನೆಮನೆಗೂ ಅವರ ಹೆಸರು ಮುಟ್ಟಿತು.

ಅವರ ಗಜಲ್ ಬಗ್ಗೆ ಮಾತಾಡುವವರು ಶಾಸ್ತ್ರೀಯ ತಳಹದಿಯನ್ನೇ ಜಾಸ್ತಿ ಹೇಳುತ್ತಾರೆ. ಅದು ನಿಜವೇ. ಶೇರ್‌ನ ಮೊದಲ ಸಾಲನ್ನು ಹಿಂದೂಸ್ತಾನಿಯ ವಿಸ್ತಾರದ ಗಾಯನವಾದ ಖಯಾಲ್‌ನಂತೆ ಬೇರೆ ಬೇರೆ ಸ್ವರಗಳಲ್ಲಿ ಬಿಡಿಸುತ್ತಾ, ಎರಡನೇ ಸಾಲಿಗಾಗಿ ಕೇಳುಗರು ಕಾಯುವಂತೆ ಮಾಡಿ, ಕೊನೆಗೆ ತೀರಾ ಸರಳವಾಗಿ ಅದನ್ನು ಮುಂದಿಡುವ ಕ್ರಮ ಆ ತಳಹದಿಯಿಂದಲೇ ಬಂದದ್ದು. ಆದರೆ ನನ್ನ ಮಟ್ಟಿಗೆ ಇನ್ನೊಂದು ಬೇರು ಅದಕ್ಕಿಂತ ಮುಖ್ಯ. ಅದು ಮಾಂಡ್, ರಾಜಸ್ಥಾನದ ಜನಪದ ಗಾಯನ. (ನಮ್ಮ ಕರ್ನಾಟಕ ಸಂಗೀತ ಕಛೇರಿಗಳ ಕೊನೆಯಲ್ಲಿ ಕೇಳುವ ಮಾಂಡ್ ರಾಗದ ಮೂಲವೂ ಅದೇ.) ಗಜಲ್‌ಗಳ ನಡುವೆ ಅವರು ‘ಕೇಸರಿಯಾ ಬಾಲಮ್’ ಹಾಡುತ್ತಿದ್ದರು. ಅದರ ಮಾತೇನು? ದೂರ ಹೋದ ನಲ್ಲನನ್ನು ‘ನಮ್ಮ ನಾಡಿಗೆ ಬಾ’ ಎಂದು ಕರೆಯುವುದು. ಅಲ್ಲೂ ‘ಬಾ’!

ನಮ್ಮ ಕಡೆ ತತ್ವಪದ ಹಾಡುವ ಹಿರಿಯರು ಒಂದು ಮಾತಿನ ಮೇಲೆ ನಿಂತು, ಅದನ್ನೇ ಮತ್ತೆ ಮತ್ತೆ ಹೇಳಿ, ಸ್ವರಕ್ಕಿಂತ ಮಾತನ್ನೇ ಮುಂದೆ ಬಿಡುತ್ತಾರಲ್ಲ, ಮೆಹದಿ ಹಸನ್ ಯಮನ್ ಹಾಡುವಾಗಲೂ ನನಗೆ ಅದೇ ಕೇಳಿಸುತ್ತದೆ. ಊರು ಬಿಟ್ಟರೂ ಊರಿನ ಹಾಡು ಅವರನ್ನು ಬಿಟ್ಟಿರಲಿಲ್ಲ. ಎಷ್ಟೋ ವರ್ಷಗಳ ನಂತರ ಭಾರತಕ್ಕೆ ಬಂದಾಗ ಲೂಣಾಗೂ ಹೋಗಿ ಬಂದರು.

ಕೊನೆಯ ವರ್ಷಗಳಲ್ಲಿ ಕಾಯಿಲೆ ದನಿಯನ್ನು ಕಸಿದುಕೊಂಡಿತು. ಆದರೂ ಲತಾ ಮಂಗೇಶ್ಕರ್ ಜೊತೆಗಿನ ‘ತೇರಾ ಮಿಲನಾ’ ಹಾಡಿಗೆ 2009ರಲ್ಲಿ ತಮ್ಮ ಭಾಗವನ್ನು ಪಾಕಿಸ್ತಾನದಲ್ಲೇ ಹಾಡಿಕೊಟ್ಟರು, ಲತಾ ಮರುವರ್ಷ ಭಾರತದಲ್ಲಿ ಹಾಡಿದರು. 2012ರ ಜೂನ್ 13ರಂದು ಕರಾಚಿಯಲ್ಲಿ ತೀರಿಕೊಂಡರು.

ಗಜಲ್ ಕಲಿಯುತ್ತಿದ್ದರೆ ಈ ವಾರ ಒಂದು ಕೆಲಸ ಮಾಡಿ. ಮೊದಲು ಅವರ ‘ಕೇಸರಿಯಾ ಬಾಲಮ್’ ಕೇಳಿ, ಅದು ಮುಗಿದ ಕೂಡಲೇ ‘ರಂಜಿಶ್ ಹೀ ಸಹೀ’ ಹಾಕಿ. ರಾಗ, ತಾಳ ಲೆಕ್ಕ ಹಾಕಬೇಡಿ. ಕರೆಯುವ ಮಾತು ಬಂದಾಗ ಅವರು ಎಷ್ಟು ಹೊತ್ತು ನಿಲ್ಲುತ್ತಾರೆ, ಎಲ್ಲಿ ದನಿ ಇಳಿಸುತ್ತಾರೆ, ಅಷ್ಟನ್ನು ಮಾತ್ರ ನೋಡಿ.