ಹಿಂದಿನ ಸರಾಸರಿ ಪ್ರತಿಫಲವನ್ನೇ ಈಕ್ವಿಟಿ ಬಂಡವಾಳದ ವೆಚ್ಚವೆನ್ನಬಹುದೇ?

ಪ್ರಶ್ನೆ: ಒಂದು ಕಂಪನಿಯ ಷೇರು ಕಳೆದ 10 ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ ಶೇ 14ರಷ್ಟು ಪ್ರತಿಫಲ ಕೊಟ್ಟಿದೆ. ಅದರ ಈಕ್ವಿಟಿ ಬಂಡವಾಳದ ವೆಚ್ಚವೂ ಶೇ 14 ಎಂದು ಇಟ್ಟುಕೊಳ್ಳಬಹುದೇ?

ಉತ್ತರ: ಇಟ್ಟುಕೊಳ್ಳಬಾರದು. ಷೇರುದಾರರು ತಾವು ಹೊರುವ ಅಪಾಯಕ್ಕೆ ಪ್ರತಿಯಾಗಿ ಮುಂದಿನ ದಿನಗಳಲ್ಲಿ ನಿರೀಕ್ಷಿಸುವ ಪ್ರತಿಫಲದ ದರವೇ ಈಕ್ವಿಟಿ ಬಂಡವಾಳದ ವೆಚ್ಚ. ಸಾಲದ ಬಡ್ಡಿಯಂತೆ ಅದು ಯಾವ ಕರಾರುಪತ್ರದಲ್ಲೂ ಬರೆದಿರುವುದಿಲ್ಲವಾದ್ದರಿಂದ ಅಂದಾಜು ಮಾಡದೆ ಗತ್ಯಂತರವಿಲ್ಲ.

ಹಿಂದಿನ ಸರಾಸರಿಯ ಮೊದಲ ತೊಡಕು ಅದರ ಅನಿಶ್ಚಿತತೆ. ಷೇರಿನ ವಾರ್ಷಿಕ ಏರಿಳಿತ ಶೇ 30ರಷ್ಟಿದ್ದರೆ, 10 ವರ್ಷಗಳ ಸರಾಸರಿಯಲ್ಲಿ ಉಳಿಯುವ ಪ್ರಮಾಣಿತ ದೋಷ (ಸರಾಸರಿಯು ನಿಜವಾದ ಮೌಲ್ಯದಿಂದ ಸಾಮಾನ್ಯವಾಗಿ ಎಷ್ಟು ತಪ್ಪಬಹುದೆಂಬ ಅಳತೆ) ಸುಮಾರು ಶೇ 9.5, ಅಂದರೆ ನಿಜವಾದ ನಿರೀಕ್ಷೆ ಶೇ 5 ಇದ್ದರೂ ಶೇ 23 ಇದ್ದರೂ ಅಚ್ಚರಿಪಡಬೇಕಾಗಿಲ್ಲ. ಮಾಸಿಕ ಅಂಕಿಗಳ ಬದಲು ದೈನಂದಿನ ಅಂಕಿಗಳನ್ನು ಬಳಸಿದರೆ ಏರಿಳಿತದ ಅಳತೆ ನಿಖರವಾಗುತ್ತದೆಯೇ ಹೊರತು ಸರಾಸರಿಯ ಅಳತೆ ಸುಧಾರಿಸುವುದಿಲ್ಲ.

ಎರಡನೆಯ ತೊಡಕು ಇನ್ನೂ ಗಂಭೀರವಾದದ್ದು, ಏಕೆಂದರೆ ಅದು ನಮ್ಮನ್ನು ವಿರುದ್ಧ ದಿಕ್ಕಿಗೆ ಒಯ್ಯುತ್ತದೆ. ಪ್ರತಿ ವರ್ಷ 5 ರೂಪಾಯಿ ಡಿವಿಡೆಂಡನ್ನು (ಲಾಭಾಂಶವನ್ನು) ನಿರಂತರವಾಗಿ ಕೊಡುವ ಷೇರಿನಿಂದ ಹೂಡಿಕೆದಾರರು ಶೇ 10 ಬಯಸಿದರೆ ಅದರ ಬೆಲೆ 50 (5 ÷ 0.10). ವರ್ಷ ಕಳೆಯುವಷ್ಟರಲ್ಲಿ ಅವರು ಶೇ 8ಕ್ಕೇ ತೃಪ್ತರಾದರೆ ಬೆಲೆ 62.5ಕ್ಕೆ ಏರುತ್ತದೆ, ಡಿವಿಡೆಂಡ್ ಸೇರಿ ಆ ವರ್ಷದ ಪ್ರತಿಫಲ ಶೇ 35. ಬಂಡವಾಳದ ವೆಚ್ಚ ಇಳಿದ ವರ್ಷದಲ್ಲೇ ಹಿಂದಿನ ದಾಖಲೆ ಅದನ್ನು ಏರಿದಂತೆ ತೋರಿಸುತ್ತದೆ!

ಹಾಗಾದರೆ ಯಾವ ದಾರಿ? ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1964ರಲ್ಲಿ ಮಂಡಿಸಿದ ಮಾದರಿಯಲ್ಲಿ, ಅಪಾಯರಹಿತ ಬಡ್ಡಿದರಕ್ಕೆ ಮಾರುಕಟ್ಟೆಯ ಅಪಾಯ ಪ್ರೀಮಿಯಂ (ಆ ಬಡ್ಡಿದರಕ್ಕಿಂತ ಹೆಚ್ಚಾಗಿ ಇಡೀ ಷೇರು ಮಾರುಕಟ್ಟೆಯಿಂದ ನಿರೀಕ್ಷಿಸುವ ಪ್ರತಿಫಲ) ಮತ್ತು ಷೇರಿನ ಬೀಟಾದ (ಮಾರುಕಟ್ಟೆಯ ಏರಿಳಿತಕ್ಕೆ ಷೇರು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆಯ) ಗುಣಲಬ್ಧವನ್ನು ಕೂಡಿಸುತ್ತಾರೆ. ಆದರೆ ಆ ಪ್ರೀಮಿಯಂ ಕೂಡ ಸಾಮಾನ್ಯವಾಗಿ ಹಿಂದಿನ ಸರಾಸರಿಯಿಂದಲೇ ಬರುತ್ತದೆ. ಇಡೀ ಉದ್ಯಮಗಳ ಮಟ್ಟದಲ್ಲಿ ಲೆಕ್ಕ ಹಾಕಿದಾಗಲೂ ವಾರ್ಷಿಕ ಶೇ 3ಕ್ಕಿಂತ ಹೆಚ್ಚಿನ ಪ್ರಮಾಣಿತ ದೋಷ ಸಾಮಾನ್ಯವೆಂದು ಅರ್ಥಶಾಸ್ತ್ರಜ್ಞರಾದ ಫಾಮಾ ಮತ್ತು ಫ್ರೆಂಚ್ 1997ರಲ್ಲಿ ತೋರಿಸಿದರು.

ಇನ್ನೊಂದು ವಿಧಾನ ಇಂದಿನ ಬೆಲೆಯಿಂದ ಹಿಮ್ಮುಖವಾಗಿ ಸಾಗುತ್ತದೆ: ಮುಂದಿನ ಡಿವಿಡೆಂಡ್ ಅಥವಾ ಗಳಿಕೆಯ ಮುನ್ನಂದಾಜುಗಳನ್ನು ಯಾವ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ ಈ ಬೆಲೆಗೆ ಸರಿಹೊಂದುತ್ತದೆಯೋ ಆ ದರವೇ ಬೆಲೆಯಲ್ಲಿ ಅಡಗಿರುವ ವೆಚ್ಚ. ಬೆಲೆ 100, ಮುಂದಿನ ಡಿವಿಡೆಂಡ್ 4, ಸ್ಥಿರ ಬೆಳವಣಿಗೆ ಶೇ 6 ಎಂದಾದರೆ ಉತ್ತರ ಶೇ 10 (ಡಿವಿಡೆಂಡಿನ ಶೇ 4 + ಬೆಳವಣಿಗೆಯ ಶೇ 6). ಪ್ರಶ್ನೆಯು ಭವಿಷ್ಯದ್ದಾಗಿರುವುದರಿಂದ ನನಗೆ ಈ ದಾರಿಯೇ ಹೆಚ್ಚು ಸಮಂಜಸವೆನಿಸುತ್ತದೆ. ಆದರೂ ವಿಶ್ಲೇಷಕರ ಮುನ್ನಂದಾಜುಗಳು ಹಲವು ಬಾರಿ ವಾಸ್ತವಕ್ಕಿಂತ ಆಶಾದಾಯಕವಾಗಿರುತ್ತವೆ. ಬೆಳವಣಿಗೆಯನ್ನು ಶೇ 8 ಎಂದು ಉಬ್ಬಿಸಿದರೆ ಉತ್ತರವೂ ಅಷ್ಟೇ ಉಬ್ಬಿ ಶೇ 12 ಆಗುತ್ತದೆ.

ಆದ್ದರಿಂದ ಎರಡೂ ವಿಧಾನಗಳಲ್ಲಿ ಲೆಕ್ಕ ಹಾಕಿ, ಒಂದೇ ಅಂಕಿಯ ಬದಲು ಶೇ 9ರಿಂದ 12ರಂತಹ ವ್ಯಾಪ್ತಿಯನ್ನು ಇಟ್ಟುಕೊಂಡು, ಹೂಡಿಕೆಯ ನಿರ್ಧಾರವು ಅದರ ಎರಡೂ ತುದಿಗಳಲ್ಲಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ವರ್ಷಕ್ಕೆ 10ರಂತೆ ನಿರಂತರವಾಗಿ ಬರುವ ಹಣದ ಮೌಲ್ಯ ಶೇ 9ರಲ್ಲಿ 111, ಶೇ 12ರಲ್ಲಿ ಕೇವಲ 83.