ತಡ ಮಾಡುತ್ತಿರುವುದು ನಿಮ್ಮ ಬೆರಳಲ್ಲ

ರಿದಮ್ ಗೇಮ್, ಅಂದರೆ ಹಾಡಿನ ತಾಳಕ್ಕೆ ಸರಿಯಾಗಿ ಬಟನ್ ಒತ್ತುವ ವಿಡಿಯೋ ಗೇಮ್, ಆಡುವಾಗ ಪೆಟ್ಟು ತಪ್ಪಿದರೆ ಎಲ್ಲರೂ ಮೊದಲು ಬೈಯುವುದು ತಮ್ಮ ಬೆರಳನ್ನೇ. 'ನನ್ನ ಕೈ ನಿಧಾನ' ಅಂತಾರೆ. ಇದು ತಪ್ಪು ತಿಳಿವಳಿಕೆ. ಈ ಆಟದಲ್ಲಿ ಯಾರೂ ಬೀಟ್ ಬಿದ್ದ ಮೇಲೆ ಒತ್ತುವುದಿಲ್ಲ. ಮುಂದಿನ ಪೆಟ್ಟು ಯಾವಾಗ ಅಂತ ಮನಸ್ಸಿಗೆ ಮೊದಲೇ ಗೊತ್ತಿರುತ್ತದೆ, ಕೈ ಅದಕ್ಕೆ ಸರಿಯಾಗಿ ಇಳಿಯುತ್ತದೆ. ತಾಳ ಹಾಕುವುದು ಅಂದ್ರೆ ಇದೇ ಅಲ್ವಾ?

ತಡವಾಗುವುದು ಯಂತ್ರದಲ್ಲಿ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಸಿಗ್ನಲ್ ಬಂದ ಹಾಗೇ ತೋರಿಸುತ್ತಿತ್ತು. ಈಗಿನ ಟಿವಿ ಫ್ರೇಮನ್ನು ಹಿಡಿದಿಟ್ಟು, ಬಣ್ಣ ತಿದ್ದಿ, ಆಮೇಲೆ ತೋರಿಸುತ್ತದೆ. ಈ ತಿದ್ದುವಿಕೆಯನ್ನು ಕಡಿಮೆ ಮಾಡುವ 'ಗೇಮ್ ಮೋಡ್' ಹಾಕದಿದ್ದರೆ ಇದಕ್ಕೇ 100 ಮಿಲಿಸೆಕೆಂಡ್ ಹೋಗಬಹುದು. ಬ್ಲೂಟೂತ್ ಹೆಡ್‌ಫೋನಿನಲ್ಲಿ 200 ಕೂಡ ಅಪರೂಪವಲ್ಲ. ನಿಮಿಷಕ್ಕೆ 150 ಬೀಟಿನ ಹಾಡಿನಲ್ಲಿ 100 ಮಿಲಿಸೆಕೆಂಡ್ ಅಂದರೆ ಬೀಟಿನ ಕಾಲು ಭಾಗ!

ಟಿವಿಯನ್ನು ಚುರುಕು ಮಾಡಲು ಗೇಮಿಗೆ ಆಗುವುದಿಲ್ಲ. ಆದರೆ ಇಡೀ ಹಾಡು ಅದಕ್ಕೆ ಮೊದಲೇ ಗೊತ್ತು. ಬಸ್ಸು ದಿನಾ ಅರ್ಧ ಗಂಟೆ ಲೇಟು ಅಂತ ಗೊತ್ತಿದ್ದರೆ ಅದಕ್ಕೂ ಮೊದಲಿನ ಬಸ್ಸು ಹಿಡಿದು ಮುಹೂರ್ತಕ್ಕೆ ಸರಿಯಾಗಿ ಮುಟ್ಟಬಹುದು. ಒಂದು ದಿನ ಐದು ನಿಮಿಷ, ಇನ್ನೊಂದು ದಿನ ನಲವತ್ತು ನಿಮಿಷ ಲೇಟಾದರೆ ಯಾವ ಲೆಕ್ಕವೂ ನಡೆಯುವುದಿಲ್ಲ. ಹಾಗೆಯೇ ಚಿತ್ರ 80, ಸದ್ದು 30 ಮಿಲಿಸೆಕೆಂಡ್ ತಡ ಅಂತಿಟ್ಟುಕೊಳ್ಳಿ. ಗೇಮ್ ಚಿತ್ರವನ್ನು ಸದ್ದಿಗಿಂತ 50 ಮಿಲಿಸೆಕೆಂಡ್ ಮೊದಲೇ ಕಳಿಸುತ್ತದೆ. ಎರಡೂ ಒಟ್ಟಿಗೆ ನಿಮ್ಮನ್ನು ತಲುಪುತ್ತವೆ. ನೀವು ಒತ್ತಿದ ಹೊತ್ತಿನಿಂದ 30 ಕಳೆದು ಅಂಕ ಕೊಡುತ್ತದೆ. ತಡ ಹೆಚ್ಚೋ ಕಡಿಮೆಯೋ, ಒಂದೇ ಸಮ ಇದ್ದರೆ ಸಾಕು.

ಅಂದರೆ ಎರಡು ಸಂಖ್ಯೆ ಬೇಕು: ಚಿತ್ರದ ತಡ, ಸದ್ದಿನ ತಡ. 2008ರ 'ರಾಕ್ ಬ್ಯಾಂಡ್ 2' ಗೇಮಿನ ಗಿಟಾರ್ ಆಕಾರದ ಕಂಟ್ರೋಲರಿನಲ್ಲಿ ಇದಕ್ಕಾಗಿಯೇ ಪುಟ್ಟ ಬೆಳಕಿನ ಸೆನ್ಸರ್ ಮತ್ತು ಮೈಕ್ ಇದ್ದವು. ಗಿಟಾರನ್ನು ಟಿವಿಯ ಮುಂದೆ ಹಿಡಿದರೆ ಪರದೆ ಮಿಂಚಿದ್ದು, ಸ್ಪೀಕರ್ ಕೂಗಿದ್ದು ಎರಡನ್ನೂ ಅದೇ ಅಳೆಯುತ್ತಿತ್ತು.

ಇಂಥ ಸೆನ್ಸರ್ ಇಲ್ಲದ ಕಡೆ ಅಳೆಯುವುದು ಮನುಷ್ಯನ ಕೈ. ಮನುಷ್ಯರು ಬೀಟಿಗೆ ತಟ್ಟುವಾಗ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಸೆಕೆಂಡ್ ಮುಂಚೆಯೇ ತಟ್ಟುತ್ತಾರೆ. ಒಬ್ಬೊಬ್ಬರದು ಒಂದೊಂದು ಲೆಕ್ಕ. ಇದಕ್ಕೆ ಹತ್ತಿರದ ಗೊಂದಲವೊಂದು 1796ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಒಬ್ಬರ ಕೆಲಸವನ್ನೇ ಕಳೆಯಿತು. ದುರ್ಬೀನಿನ ತಂತಿಯನ್ನು ನಕ್ಷತ್ರ ದಾಟುವುದನ್ನು ಕಣ್ಣಿಂದ ನೋಡುತ್ತಾ, ಗಡಿಯಾರದ ಟಿಕ್ ಟಿಕ್ ಅನ್ನು ಕಿವಿಯಿಂದ ಎಣಿಸಬೇಕಿತ್ತು. ಸಹಾಯಕ ಕಿನ್ನೆಬ್ರೂಕ್ ಬರೆದ ಸಮಯ ಮುಖ್ಯಸ್ಥ ಮ್ಯಾಸ್ಕೆಲಿನ್ ಬರೆದದ್ದಕ್ಕಿಂತ 0.8 ಸೆಕೆಂಡ್ ತಡ. ಅವರನ್ನು ತೆಗೆದೇಬಿಟ್ಟರು. ಪಾಪ, ಅದು ಅವರ ಸೋಮಾರಿತನವಾಗಿರಲಿಲ್ಲ. ಮುಂದೆ ಜರ್ಮನ್ ಖಗೋಳಜ್ಞ ಬೆಸೆಲ್ ಬೇರೆ ಖಗೋಳಜ್ಞರ ಜೊತೆ ತಮ್ಮ ಲೆಕ್ಕವನ್ನೇ ಹೋಲಿಸಿ ನೋಡಿದರು. ಅನುಭವಿಗಳ ನಡುವೆಯೂ ಇಂಥ ಅಂತರ ಕಂಡಿತು. ಆಮೇಲೆ ಒಬ್ಬೊಬ್ಬರ ಅಂತರ ಅಳೆದು ಲೆಕ್ಕದಿಂದ ಕಳೆಯುವ ರೂಢಿ ಬಂತು.

ಗೇಮಿನಲ್ಲಿ ತಡ ಅಳೆಯಲು ಇರುವ ಕ್ಯಾಲಿಬ್ರೇಷನ್ ಪರದೆ ಮಾಡುವುದೂ ಇದನ್ನೇ. ಸದ್ದಿನ ಪರೀಕ್ಷೆಗೆ ಕಣ್ಣು ಮುಚ್ಚಿ, ಚಿತ್ರದ ಪರೀಕ್ಷೆಗೆ ಮ್ಯೂಟ್ ಮಾಡಿ. ಇಲ್ಲದಿದ್ದರೆ ಒಂದರ ತಡ ಇನ್ನೊಂದರಲ್ಲಿ ಬೆರೆತುಹೋಗುತ್ತದೆ. ಹೆಡ್‌ಫೋನ್ ಅಥವಾ ಟಿವಿಯ ಮೋಡ್ ಬದಲಿಸಿದರೆ ಹಳೆಯ ಸಂಖ್ಯೆ ನಡೆಯುವುದಿಲ್ಲ, ಮತ್ತೆ ಅಳೆಯಬೇಕು.